ಒಂದೇ ಕಾನೂನು, ಹಲವು ಭಾರ: ವೈದ್ಯರ ಮೇಲಿನ ಮೊಕದ್ದಮೆಗಳ ಚರಿತ್ರೆ



ವೈದ್ಯನನ್ನು ನಾರಾಯಣನಿಗೆ ಹೋಲಿಸಿದ ದೇಶ ನಮ್ಮದು. ಹಾಗೆಂದು ವೈದ್ಯನನ್ನು ಯಾರೂ ಪ್ರಶ್ನಿಸಬಾರದೆಂದು ನಮ್ಮ ಹಿರಿಯರು ಭಾವಿಸಿರಲಿಲ್ಲ. ಚಿಕಿತ್ಸೆಯ ತಪ್ಪಿನಿಂದ ರೋಗಿ ಸತ್ತರೆ ವೈದ್ಯನಿಗೆ ದಂಡ ವಿಧಿಸಬೇಕೆಂದು ಕೌಟಿಲ್ಯನ ಅರ್ಥಶಾಸ್ತ್ರ ಹೇಳುತ್ತದೆ. ಅದಕ್ಕೂ ಬಹಳ ಹಿಂದೆ, ಕ್ರಿಸ್ತಪೂರ್ವ 18ನೆಯ ಶತಮಾನದಲ್ಲಿ, ಬ್ಯಾಬಿಲೋನಿನ ದೊರೆ ಹಮ್ಮುರಬಿ ಕಲ್ಲಿನ ಮೇಲೆ ಕೆತ್ತಿಸಿದ ಶಾಸನದಲ್ಲಿಯೂ ಈ ವಿಷಯ ಬರುತ್ತದೆ. ಕಂಚಿನ ಶಸ್ತ್ರದಿಂದ ಕೊಯ್ದಾಗ ಕುಲೀನ ರೋಗಿ ಸತ್ತರೆ, ಅಥವಾ ಅವನ ಕಣ್ಣು ಹೋದರೆ, ವೈದ್ಯನ ಕೈಗಳನ್ನು ಕಡಿಯಬೇಕು ಎಂಬುದು ಆ ಶಾಸನದ ಆಜ್ಞೆ.

ಇಲ್ಲಿ ಒಂದು ಅಂಶವನ್ನು ಗಮನಿಸಿ. ಹಮ್ಮುರಬಿಯ ಕೋಪಕ್ಕೆ ಗುರಿಯಾದವನು ಶಸ್ತ್ರ ಹಿಡಿದ ವೈದ್ಯ. ಕತ್ತಿಯ ತಪ್ಪು ಎಲ್ಲರ ಕಣ್ಣಿಗೂ ಬೀಳುತ್ತದೆ. ಕಷಾಯದ ತಪ್ಪು ರೋಗದೊಳಗೇ ಅಡಗಿಹೋಗುತ್ತದೆ. ಮೂರೂವರೆ ಸಾವಿರ ವರ್ಷಗಳಿಗೂ ಹೆಚ್ಚು ಕಾಲ ಕಳೆದಿದೆ. ಕೈ ಕಡಿಯುವ ಶಿಕ್ಷೆ ಹೋಗಿ ಪರಿಹಾರಧನ ಬಂದಿದೆ. ಆದರೆ ಆ ಹಳೆಯ ಅಸಮತೆ ಉಳಿದುಕೊಂಡಿದೆ. ವೈದ್ಯರಿಗೆಲ್ಲ ಕಾನೂನು ಒಂದೇ. ಅದರ ಭಾರ ಮಾತ್ರ ಶಸ್ತ್ರವೈದ್ಯನ ಮೇಲೆ ಒಂದು ರೀತಿ, ಮಕ್ಕಳ ವೈದ್ಯನ ಮೇಲೆ ಇನ್ನೊಂದು ರೀತಿ, ಮನೋವೈದ್ಯನ ಮೇಲೆ ಮತ್ತೊಂದು ರೀತಿ ಬೀಳುತ್ತದೆ. ಇದು ಹೇಗೆ ಆಯಿತು? ಆ ಭಾರವನ್ನು ಹೊತ್ತವರು ಅದನ್ನು ಏನು ಮಾಡಿದರು? ಈ ಎರಡು ಪ್ರಶ್ನೆಗಳ ಬೆನ್ನು ಹತ್ತೋಣ.

ಅಳತೆಗೋಲು ಯಾವುದು?

ವೈದ್ಯನು ತಪ್ಪು ಮಾಡಿದನೇ ಇಲ್ಲವೇ ಎಂದು ತೀರ್ಮಾನಿಸುವುದು ಹೇಗೆ? ರೋಗಿ ಗುಣವಾಗಲಿಲ್ಲ ಎಂಬ ಕಾರಣವೊಂದೇ ಸಾಲದು. ಎಷ್ಟು ಎಚ್ಚರಿಕೆ ವಹಿಸಿದರೂ ಕೆಲವು ರೋಗಗಳು ಗೆಲ್ಲುತ್ತವೆ.

ಈ ಪ್ರಶ್ನೆಗೆ ಬಹುಕಾಲ ಉಳಿದ ಉತ್ತರ ಬಂದದ್ದು ಇಂಗ್ಲೆಂಡಿನಿಂದ, ಅದೂ ಮನೋವೈದ್ಯಕ್ಕೆ ಸಂಬಂಧಿಸಿದ ಒಂದು ಮೊಕದ್ದಮೆಯಿಂದ. 1954ರಲ್ಲಿ ಒಬ್ಬ ಮನೋರೋಗಿಗೆ ವಿದ್ಯುತ್ ಆಘಾತದ ಚಿಕಿತ್ಸೆ ಕೊಡಲಾಯಿತು. ಸ್ನಾಯುಗಳನ್ನು ಸಡಿಲಗೊಳಿಸುವ ಔಷಧವನ್ನು ಕೊಟ್ಟಿರಲಿಲ್ಲ. ಮೈ ಜೋರಾಗಿ ಸೆಟೆದು ಅವನ ಸೊಂಟದ ಮೂಳೆಗಳು ಮುರಿದವು. ಆ ಔಷಧವನ್ನು ಕೊಡಬೇಕೇ ಬೇಡವೇ ಎಂಬ ಬಗ್ಗೆ ಆಗ ಮನೋವೈದ್ಯರಲ್ಲಿಯೇ ಎರಡು ಅಭಿಪ್ರಾಯಗಳಿದ್ದವು. 1957ರಲ್ಲಿ ನ್ಯಾಯಾಧೀಶ ಮೆಕ್‌ನೇರ್ ಅವರು ಜ್ಯೂರಿಗೆ ಒಂದು ಸೂತ್ರವನ್ನು ವಿವರಿಸಿದರು. ಆಯಾ ವಿದ್ಯೆಯಲ್ಲಿ ನುರಿತ ಜವಾಬ್ದಾರಿಯುತ ವೈದ್ಯರ ಒಂದು ಗುಂಪು ಸರಿಯೆಂದು ಒಪ್ಪಿದ ರೀತಿಯಲ್ಲಿ ನಡೆದುಕೊಂಡ ವೈದ್ಯನನ್ನು ನಿರ್ಲಕ್ಷ್ಯದ ಅಪರಾಧಿ ಎನ್ನಲಾಗದು. ಆಸ್ಪತ್ರೆ ಗೆದ್ದಿತು. ರೋಗಿಯ ಹೆಸರಿನಿಂದ ಇದಕ್ಕೆ 'ಬೋಲಮ್ ಸೂತ್ರ' ಎಂಬ ಹೆಸರು ಬಂದಿತು.

'ಆಯಾ ವಿದ್ಯೆಯಲ್ಲಿ' ಎಂಬ ಮಾತಿಗೆ ಅಡಿಗೆರೆ ಹಾಕಿಕೊಳ್ಳಿ. ಹಳ್ಳಿಯ ಸಾಮಾನ್ಯ ವೈದ್ಯನನ್ನು ಮೆದುಳಿನ ಶಸ್ತ್ರತಜ್ಞನ ತಕ್ಕಡಿಯಲ್ಲಿ ತೂಗುವಂತಿಲ್ಲ. ತಜ್ಞನೆಂದು ಹಲಗೆ ಹಾಕಿಕೊಂಡವನು ಸಾಮಾನ್ಯ ವೈದ್ಯನ ಮಟ್ಟಕ್ಕೆ ಇಳಿದು ತಪ್ಪಿಸಿಕೊಳ್ಳುವಂತೆಯೂ ಇಲ್ಲ. ಕಾನೂನು ಒಂದೇ ಆದರೂ ಅಳತೆಗೋಲು ವಿಭಾಗಕ್ಕೊಂದು ಎಂಬ ಮಾತು ಇಲ್ಲಿ ಬೇರೂರಿತು.

ಹದಿನೈದು ವರ್ಷ, ಮೂರು ಸಾವಿರ ರೂಪಾಯಿ

ಭಾರತದ ಕಥೆ ಒಂದು ಮುರಿದ ಮೂಳೆಯಿಂದ ಆರಂಭವಾಗುತ್ತದೆ. 1953ರ ಮೇ ತಿಂಗಳಿನಲ್ಲಿ ರತ್ನಾಗಿರಿ ಜಿಲ್ಲೆಯ ಕಡಲತೀರದ ಹಳ್ಳಿಯೊಂದರಲ್ಲಿ ಸುಮಾರು ಇಪ್ಪತ್ತು ವರ್ಷದ ಯುವಕನೊಬ್ಬನ ಎಡತೊಡೆಯ ಮೂಳೆ ಅಪಘಾತದಲ್ಲಿ ಮುರಿಯಿತು. ಊರಿನ ವೈದ್ಯರು ಮರದ ಹಲಗೆ ಕಟ್ಟಿ ಕಳುಹಿಸಿದರು. ಸುಮಾರು 200 ಮೈಲಿ ದೂರದ ಪುಣೆಗೆ ಅವನನ್ನು ಕರೆತರಲಾಯಿತು. ಅಲ್ಲಿ ಅರಿವಳಿಕೆ ಕೊಡದೆ, ಸಹಾಯಕರಿಂದ ಕಾಲನ್ನು ಬಲವಾಗಿ ಎಳೆಸಿ ಮೂಳೆ ಕೂಡಿಸುವ ಪ್ರಯತ್ನ ನಡೆಯಿತು. ಆ ಆಘಾತದಿಂದ ಯುವಕ ಅದೇ ದಿನ ತೀರಿಕೊಂಡ.

ತಂದೆ ನ್ಯಾಯಾಲಯದ ಮೆಟ್ಟಿಲೇರಿದರು. ಕೆಳ ನ್ಯಾಯಾಲಯ 3,000 ರೂಪಾಯಿ ಪರಿಹಾರ ವಿಧಿಸಿತು. ಮೇಲ್ಮನವಿಗಳ ದಾರಿ ಸವೆದು 1968ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ತೀರ್ಪನ್ನು ಎತ್ತಿಹಿಡಿಯಿತು. ವೈದ್ಯನಿಗೆ ಮೂರು ಕರ್ತವ್ಯಗಳಿವೆ ಎಂದು ನ್ಯಾಯಾಲಯ ಹೇಳಿತು. ಈ ರೋಗಿಯನ್ನು ಒಪ್ಪಿಕೊಳ್ಳಬೇಕೇ ಎಂದು ನಿರ್ಧರಿಸುವಾಗ ಎಚ್ಚರ, ಯಾವ ಚಿಕಿತ್ಸೆ ಎಂದು ನಿರ್ಧರಿಸುವಾಗ ಎಚ್ಚರ, ಆ ಚಿಕಿತ್ಸೆಯನ್ನು ಕೊಡುವಾಗ ಎಚ್ಚರ. ಇಂದಿಗೂ ವಕೀಲರು ಈ ಮೂರನ್ನು ಉದ್ಧರಿಸುತ್ತಾರೆ.

ಮೂರು ಸಾವಿರ ರೂಪಾಯಿಗೆ ಹದಿನೈದು ವರ್ಷ. ಎಷ್ಟು ಜನ ಇಷ್ಟು ಕಾಯಬಲ್ಲರು? ಆ ಕಾಲದ ವೈದ್ಯರಿಗೆ ಮೊಕದ್ದಮೆ ಎಂಬುದು ಪತ್ರಿಕೆಯಲ್ಲಿ ಎಂದೋ ಒಮ್ಮೆ ಓದುವ ಸುದ್ದಿಯಾಗಿತ್ತು.

ಚಿತ್ರ ಬದಲಾದದ್ದು 1986ರ ಗ್ರಾಹಕ ಸಂರಕ್ಷಣಾ ಕಾಯ್ದೆಯಿಂದ. ಹಣ ಕೊಟ್ಟು ಸೇವೆ ಪಡೆದವನು ದುಬಾರಿ ಕೋರ್ಟಿನ ಬದಲು ಗ್ರಾಹಕ ವೇದಿಕೆಗೆ ಹೋಗಬಹುದು ಎಂದಿತು ಈ ಕಾಯ್ದೆ. ವೈದ್ಯಕೀಯವೂ ಇಂಥ 'ಸೇವೆ'ಯೇ? ಅಂಗಡಿಯ ಲೆಕ್ಕವನ್ನು ಆಸ್ಪತ್ರೆಗೆ ತರಬಾರದು ಎಂದು ವೈದ್ಯರ ಸಂಘಟನೆ ವಾದಿಸಿತು. 1995ರ ನವೆಂಬರ್ 13ರಂದು, ಭಾರತೀಯ ವೈದ್ಯಕೀಯ ಸಂಘವೇ ಕಕ್ಷಿದಾರನಾಗಿದ್ದ ಮೊಕದ್ದಮೆಯಲ್ಲಿ, ಅದೂ ಸೇವೆಯೇ ಎಂದು ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ಎಲ್ಲರಿಗೂ ಉಚಿತವಾಗಿ ಚಿಕಿತ್ಸೆ ಕೊಡುವ ಆಸ್ಪತ್ರೆಗಳು ಮಾತ್ರ ಹೊರಗುಳಿದವು. ಆ ಕಾಯ್ದೆಯ ಜಾಗಕ್ಕೆ 2019ರ ಹೊಸ ಕಾಯ್ದೆ ಬಂದ ಮೇಲೆಯೂ ಈ ನಿಲುವು ಬದಲಾಗಿಲ್ಲ ಎಂದು 2022ರಲ್ಲಿ ನ್ಯಾಯಾಲಯ ಸ್ಪಷ್ಟಪಡಿಸಿತು.

ವಿಭಾಗಕ್ಕೊಂದು ಪಾಠ

ಬಾಗಿಲು ತೆರೆದ ಮೇಲೆ ಯಾರ ಮೇಲೆ ಯಾವ ದೂರು ಬಂದಿತು ಎಂಬುದನ್ನು ನೋಡಿದರೆ, ಪ್ರತಿ ವಿಭಾಗದ ಕೆಲಸದ ಸ್ವರೂಪವೇ ಅದರಲ್ಲಿ ಕಾಣುತ್ತದೆ.

ಮೊದಲು ಪ್ರಸೂತಿ ಮತ್ತು ಸ್ತ್ರೀರೋಗ ವಿಭಾಗ. 1963ರಲ್ಲಿ ಔರಂಗಾಬಾದಿನ ಸರ್ಕಾರಿ ಆಸ್ಪತ್ರೆಯೊಂದರಲ್ಲಿ, ಹೆರಿಗೆಯ ನಂತರ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ತಾಯಿಯ ಹೊಟ್ಟೆಯಲ್ಲಿ ಬಟ್ಟೆಯೊಂದು ಉಳಿದುಹೋಯಿತು. ಕೆಲವೇ ದಿನಗಳಲ್ಲಿ ಆಕೆ ತೀರಿಕೊಂಡಳು. ಇಂಥ ಪ್ರಕರಣದಲ್ಲಿ ತಜ್ಞರ ಸಾಕ್ಷ್ಯ ಹುಡುಕಬೇಕಿಲ್ಲ, ನಡೆದ ಸಂಗತಿಯೇ ಮಾತನಾಡುತ್ತದೆ ಎಂದು ಸರ್ವೋಚ್ಚ ನ್ಯಾಯಾಲಯ 1996ರಲ್ಲಿ ಹೇಳಿತು. ಅಷ್ಟರಲ್ಲಿ 33 ವರ್ಷಗಳು ಉರುಳಿದ್ದವು.

ಹರಿಯಾಣದಲ್ಲಿ ಏಳು ಮಕ್ಕಳಿದ್ದೂ ಮತ್ತೊಂದು ಮಗುವನ್ನು ಹೆತ್ತ ಬಡ ಕೂಲಿಕಾರ್ಮಿಕ ಹೆಂಗಸಿನ ಪ್ರಕರಣವೂ ಇದೇ ವಿಭಾಗದ್ದು. ಸರ್ಕಾರಿ ಆಸ್ಪತ್ರೆಯಲ್ಲಿ ಆಕೆಗೆ ಸಂತಾನಹರಣ ಚಿಕಿತ್ಸೆ ಆಗಿತ್ತು. ಆದರೆ ಎರಡು ನಾಳಗಳ ಪೈಕಿ ಒಂದಕ್ಕೆ ಮಾತ್ರ! 2000ದಲ್ಲಿ ನ್ಯಾಯಾಲಯ ಪರಿಹಾರವನ್ನು ಎತ್ತಿಹಿಡಿಯಿತು. 2005ರಲ್ಲಿ ಇನ್ನೊಂದು ಪ್ರಕರಣದಲ್ಲಿ ಅದೇ ನ್ಯಾಯಾಲಯ ಒಂದು ಗೆರೆ ಎಳೆಯಿತು. ಸರಿಯಾಗಿ ಮಾಡಿದ ಸಂತಾನಹರಣ ಚಿಕಿತ್ಸೆಯೂ ಅಪರೂಪಕ್ಕೆ ನೈಸರ್ಗಿಕ ಕಾರಣದಿಂದ ವಿಫಲವಾಗುತ್ತದೆ. ಅದಷ್ಟನ್ನೇ ನಿರ್ಲಕ್ಷ್ಯ ಎನ್ನಲಾಗದು.

ಮೂರನೆಯ ಪ್ರಶ್ನೆ ಒಪ್ಪಿಗೆಯದು. ಪರೀಕ್ಷೆಗೆಂದು ಅರಿವಳಿಕೆ ಪಡೆದು ಮಲಗಿದ್ದ ಮಹಿಳೆಯ ಗರ್ಭಕೋಶ ಮತ್ತು ಅಂಡಾಶಯಗಳನ್ನು, ಹೊರಗೆ ಕುಳಿತಿದ್ದ ಆಕೆಯ ತಾಯಿಯ ಒಪ್ಪಿಗೆ ಪಡೆದು ತೆಗೆಯಲಾಯಿತು. ಪ್ರಾಣಾಪಾಯವೇನೂ ಇರಲಿಲ್ಲ. ವಯಸ್ಕಳೂ ಸ್ವಸ್ಥಳೂ ಆದ ರೋಗಿಯ ಪರವಾಗಿ ಇನ್ನೊಬ್ಬರು ಒಪ್ಪಿಗೆ ಕೊಡಲಾಗದು ಎಂದು 2008ರ ತೀರ್ಪು ಸಾರಿತು. ನೀವು ಆಸ್ಪತ್ರೆಯಲ್ಲಿ ಸಹಿ ಹಾಕುವ ಒಪ್ಪಿಗೆ ಪತ್ರದ ಹಿಂದೆ ಈ ತೀರ್ಪಿನ ನೆರಳಿದೆ.

ಶಸ್ತ್ರವೈದ್ಯರ ಪಾಠ ಬೇರೆ. 1990ರಲ್ಲಿ ಹೈದರಾಬಾದಿನಲ್ಲಿ ಎದೆಯೊಳಗಿನ ಗಡ್ಡೆಗಾಗಿ ಶಸ್ತ್ರಚಿಕಿತ್ಸೆಗೆ ಒಳಗಾದ ಇಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬನ ಕಾಲುಗಳು ಸ್ವಾಧೀನ ಕಳೆದುಕೊಂಡವು. ಗಡ್ಡೆ ಬೆನ್ನುಮೂಳೆಗೆ ತಾಗಿತ್ತು. ಆದರೆ ಎದೆಯ ಶಸ್ತ್ರತಜ್ಞರ ಜೊತೆ ನರಶಸ್ತ್ರತಜ್ಞರು ಇರಲಿಲ್ಲ. 2009ರಲ್ಲಿ ಸರ್ವೋಚ್ಚ ನ್ಯಾಯಾಲಯ ಒಂದು ಕೋಟಿ ರೂಪಾಯಿ ಪರಿಹಾರ ವಿಧಿಸಿತು. ನನ್ನ ವಿದ್ಯೆಯ ಗಡಿ ಎಲ್ಲಿ ಮುಗಿಯುತ್ತದೆ, ಯಾರನ್ನು ಯಾವಾಗ ಕರೆಯಬೇಕು ಎಂಬ ಅರಿವೂ ಚಿಕಿತ್ಸೆಯ ಭಾಗವೇ. ಗಡಿಯ ಇದೇ ಪ್ರಶ್ನೆ 1996ರ ಇನ್ನೊಂದು ತೀರ್ಪಿನಲ್ಲೂ ಬಂದಿತ್ತು. ಹೋಮಿಯೋಪಥಿ ಕಲಿತವರು ಅಲೋಪಥಿ ಔಷಧ ಕೊಟ್ಟರೆ, ಅದೇ ಒಂದು ನಿರ್ಲಕ್ಷ್ಯ ಎಂದಿತು ಆ ತೀರ್ಪು.

ಮಕ್ಕಳ ವೈದ್ಯರದು ಸೂಕ್ಷ್ಮವಾದ ಸಂಗತಿ. 1996ರಲ್ಲಿ ಚೆನ್ನೈನ ಸರ್ಕಾರಿ ಆಸ್ಪತ್ರೆಯೊಂದರಲ್ಲಿ 29ನೆಯ ವಾರಕ್ಕೇ ಹುಟ್ಟಿದ, 1,250 ಗ್ರಾಂ ತೂಕದ ಮಗು ಬದುಕಿತು. ಆದರೆ ಅವಧಿಗೆ ಮುನ್ನ ಹುಟ್ಟಿದ ಮಕ್ಕಳ ಅಕ್ಷಿಪಟಲಕ್ಕೆ ಬರುವ ರೋಗವನ್ನು ಯಾರೂ ಸಕಾಲದಲ್ಲಿ ಪರೀಕ್ಷಿಸಲಿಲ್ಲ, ಪೋಷಕರಿಗೆ ಹೇಳಲೂ ಇಲ್ಲ. ಮಗು ಕುರುಡಾಯಿತು. 2015ರಲ್ಲಿ ವಿಧಿಸಿದ ಪರಿಹಾರ ಸುಮಾರು 1 ಕೋಟಿ 80 ಲಕ್ಷ ರೂಪಾಯಿ. ಇಲ್ಲಿ ಕತ್ತಿ ಜಾರಲಿಲ್ಲ, ಔಷಧ ತಪ್ಪಲಿಲ್ಲ. ಮಾಡಬೇಕಾದ ಪರೀಕ್ಷೆಯೊಂದನ್ನು ಮಾಡದೆ ಬಿಟ್ಟದ್ದೇ ತಪ್ಪು.

ಲೆಕ್ಕ ಹೇಳುವ ಮಾತು

ಈ ತೀರ್ಪುಗಳು ಒಂದೊಂದು ಪ್ರಕರಣದ ಕಥೆ ಹೇಳುತ್ತವೆ. ಯಾವ ವಿಭಾಗಕ್ಕೆ ಎಷ್ಟು ಭಾರ ಎಂದು ಅಳೆಯಲು ದೊಡ್ಡ ಲೆಕ್ಕವೇ ಬೇಕು. ಅಂಥ ಲೆಕ್ಕ ಅಮೆರಿಕದಲ್ಲಿ ಸಿಗುತ್ತದೆ. ಅಲ್ಲಿ ಮೊಕದ್ದಮೆಗಳು ಬಹಳ. ವೈದ್ಯರು ಅದಕ್ಕಾಗಿ ವಿಮೆ ಮಾಡಿಸಿರುತ್ತಾರೆ. ವಿಮಾ ಕಂಪನಿಗಳು ಪ್ರತಿಯೊಂದನ್ನೂ ದಾಖಲಿಸುತ್ತವೆ. ಒಂದು ದೊಡ್ಡ ಕಂಪನಿಯ ಸುಮಾರು 41 ಸಾವಿರ ವೈದ್ಯರ, 1991ರಿಂದ 2005ರವರೆಗಿನ ದಾಖಲೆಗಳ ಅಧ್ಯಯನ 2011ರಲ್ಲಿ 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್' ಪತ್ರಿಕೆಯಲ್ಲಿ ಪ್ರಕಟವಾಯಿತು.

ಒಂದು ವರ್ಷದಲ್ಲಿ ನೂರಕ್ಕೆ ಸರಾಸರಿ 7.4 ವೈದ್ಯರ ಮೇಲೆ ದಾವೆ ಬರುತ್ತಿತ್ತು. ಮೆದುಳು ಮತ್ತು ನರಗಳ ಶಸ್ತ್ರತಜ್ಞರಲ್ಲಿ ಇದು 19.1. ಎದೆ ಮತ್ತು ಹೃದಯದ ಶಸ್ತ್ರತಜ್ಞರಲ್ಲಿ 18.9. ಸಾಮಾನ್ಯ ಶಸ್ತ್ರವೈದ್ಯರಲ್ಲಿ 15.3. ಕುಟುಂಬ ವೈದ್ಯರಲ್ಲಿ 5.2 ಮಾತ್ರ. ಮಕ್ಕಳ ವೈದ್ಯರಲ್ಲಿ 3.1, ಮನೋವೈದ್ಯರಲ್ಲಿ 2.6. ಹಮ್ಮುರಬಿಯ ಕಲ್ಲು ನೆನಪಾಗುವುದಿಲ್ಲವೇ?

ಲೆಕ್ಕದ ಇನ್ನೊಂದು ಮುಖ ನೋಡಿ. ಮಕ್ಕಳ ವೈದ್ಯರ ಮೇಲೆ ದಾವೆ ಬರುವುದು ಅಪರೂಪ. ಆದರೆ ಬಂದು ಪರಿಹಾರ ಕೊಡಬೇಕಾದಾಗ ಅದರ ಸರಾಸರಿ 5 ಲಕ್ಷ 20 ಸಾವಿರ ಡಾಲರ್‌ಗೂ ಮೀರಿತ್ತು. ಚರ್ಮವೈದ್ಯರಲ್ಲಿ ಅದು ಸುಮಾರು 1 ಲಕ್ಷ 18 ಸಾವಿರ. ಕಾರಣ ಸ್ಪಷ್ಟ. ಮಗುವಿಗೆ ಆದ ನಷ್ಟವನ್ನು ಮುಂದಿನ ಇಡೀ ಬಾಳಿಗೆ ಲೆಕ್ಕ ಹಾಕಬೇಕು. ಚೆನ್ನೈನ ಮಗುವಿನ ವಿಷಯದಲ್ಲಿ ನಮ್ಮ ನ್ಯಾಯಾಲಯ ಮಾಡಿದ್ದೂ ಅದನ್ನೇ.

ಅದೇ ಅಧ್ಯಯನದ ಮೂರನೆಯ ಅಂಕಿ ಎಲ್ಲಕ್ಕಿಂತ ಮುಖ್ಯ: ನೂರರಲ್ಲಿ 78 ದಾವೆಗಳಲ್ಲಿ ವೈದ್ಯರು ಬಿಡಿಗಾಸನ್ನೂ ಕೊಡಬೇಕಾಗಲಿಲ್ಲ. ಹಾಗಾದರೆ ಹೆದರಿಕೆ ಏಕೆ? ಏಕೆಂದರೆ ದಾವೆ ಸೋಲು ಗೆಲುವಿಗಿಂತ ಮೊದಲು ಕಾಲವನ್ನು ತಿನ್ನುತ್ತದೆ. ನಲವತ್ತು ವರ್ಷದ ವೃತ್ತಿಜೀವನದಲ್ಲಿ ಸರಾಸರಿ ಅಮೆರಿಕನ್ ವೈದ್ಯ 50 ತಿಂಗಳಷ್ಟು ಕಾಲ ಇತ್ಯರ್ಥವಾಗದ ದಾವೆಯೊಂದನ್ನು ತಲೆಯ ಮೇಲೆ ಹೊತ್ತಿರುತ್ತಾನೆ ಎಂದು 2013ರ ಒಂದು ಅಧ್ಯಯನ ಅಂದಾಜು ಮಾಡಿತು. ನರಶಸ್ತ್ರತಜ್ಞನಿಗಾದರೆ ಈ ಅವಧಿ ಹತ್ತು ವರ್ಷವನ್ನೂ ಮೀರುತ್ತದೆ.

ಭಯ ಬರೆಯುವ ಚೀಟಿ

ಹೀಗೆ ಹೆದರಿದ ವೈದ್ಯ ಏನು ಮಾಡುತ್ತಾನೆ? ರೋಗಿಗೆ ಬೇಕಿಲ್ಲದಿದ್ದರೂ ಮುಂದೆ ಯಾರಾದರೂ ಕೇಳಿದರೆ ಇರಲಿ ಎಂದು ಇನ್ನೊಂದು ಸ್ಕ್ಯಾನ್, ಇನ್ನೊಂದು ರಕ್ತಪರೀಕ್ಷೆ ಬರೆಯುತ್ತಾನೆ. ಅಥವಾ ಕಷ್ಟದ ರೋಗಿಯನ್ನು ಬೇರೆ ಆಸ್ಪತ್ರೆಗೆ ಸಾಗಹಾಕುತ್ತಾನೆ. ಇದನ್ನು ಸ್ವರಕ್ಷಣೆಯ ವೈದ್ಯ ಎನ್ನೋಣ. 2003ರಲ್ಲಿ ಪೆನ್ಸಿಲ್ವೇನಿಯಾ ರಾಜ್ಯದಲ್ಲಿ ಅಪಾಯ ಹೆಚ್ಚಿರುವ ಆರು ವಿಭಾಗಗಳ 824 ವೈದ್ಯರನ್ನು ಕೇಳಿದಾಗ, ನೂರಕ್ಕೆ 93 ಮಂದಿ ತಾವು ಹೀಗೆ ಮಾಡುವುದುಂಟೆಂದು ಒಪ್ಪಿಕೊಂಡರು.

ಹೆರಿಗೆಯ ಕೋಣೆಯಲ್ಲಿ ಇದರ ಪರಿಣಾಮ ಎದ್ದುಕಾಣುತ್ತದೆ. ಮಗುವಿಗೆ ಮೆದುಳಿನ ಪಾರ್ಶ್ವವಾಯು ಬಂದರೆ ಹೆರಿಗೆ ತಡವಾದದ್ದೇ ಕಾರಣ ಎಂಬ ದಾವೆಗಳು ಅಮೆರಿಕದಲ್ಲಿ ಹೆಚ್ಚಿದವು. ಹೊಟ್ಟೆಯೊಳಗಿನ ಮಗುವಿನ ಹೃದಯಬಡಿತವನ್ನು ಎಡೆಬಿಡದೆ ಕಾಗದದ ಮೇಲೆ ದಾಖಲಿಸುವ ಯಂತ್ರ ನ್ಯಾಯಾಲಯದಲ್ಲಿ ಸಾಕ್ಷಿಯಾಯಿತು. ಆ ಯಂತ್ರದ ಸತತ ಬಳಕೆಯಿಂದ ನವಜಾತ ಶಿಶುಗಳ ಸೆಳವು ಕಡಿಮೆಯಾಯಿತಾದರೂ ಮೆದುಳಿನ ಪಾರ್ಶ್ವವಾಯು ಕಡಿಮೆಯಾಗಲಿಲ್ಲ, ಸಿಸೇರಿಯನ್ ಹೆರಿಗೆಗಳು ಮಾತ್ರ ಹೆಚ್ಚಿದವು ಎಂದು ಸಂಶೋಧನೆಗಳು ತೋರಿಸಿವೆ. ವಿಮಾ ಕಂಪನಿಗಳು ಹಿಂಜರಿದಾಗ ವರ್ಜೀನಿಯಾ 1987ರಲ್ಲಿ, ಫ್ಲಾರಿಡಾ 1988ರಲ್ಲಿ, ತಪ್ಪು ಯಾರದೆಂದು ಕೇಳದೆಯೇ ಇಂಥ ಕೆಲವು ಮಕ್ಕಳಿಗೆ ನೆರವಾಗುವ ನಿಧಿಗಳನ್ನು ಸ್ಥಾಪಿಸಿದವು.

ಅರಿವಳಿಕೆ ತಜ್ಞರು ಹಿಡಿದ ದಾರಿ

ಭಯಕ್ಕೆ ಇನ್ನೊಂದು ಉತ್ತರವೂ ಇದೆ. ಈ ಚರಿತ್ರೆಯಲ್ಲಿ ನನಗೆ ಅತ್ಯಂತ ಬೆಲೆಯುಳ್ಳದ್ದೆನಿಸುವ ಅಧ್ಯಾಯ ಅದು.

1970ರ ದಶಕದಲ್ಲಿ ಅಮೆರಿಕದ ಅರಿವಳಿಕೆ ತಜ್ಞರ ಸ್ಥಿತಿ ಕೆಟ್ಟಿತ್ತು. ಅವರ ಕೈಯಲ್ಲಿ ಒಂದು ತಪ್ಪಾದರೆ ರೋಗಿ ಸಾಯುತ್ತಿದ್ದ, ಇಲ್ಲವೇ ಮೆದುಳಿಗೆ ಪೆಟ್ಟು ಬೀಳುತ್ತಿತ್ತು. ವಿಮಾ ಕಂತು ವಿಪರೀತ ಏರಿದಾಗ, 1975ರ ಮೇ ತಿಂಗಳಿನಲ್ಲಿ ಉತ್ತರ ಕ್ಯಾಲಿಫೋರ್ನಿಯಾದ ಅರಿವಳಿಕೆ ತಜ್ಞರು ತುರ್ತು ಅಲ್ಲದ ಕೆಲಸವನ್ನು ನಿಲ್ಲಿಸಿಬಿಟ್ಟರು. ಆ ವರ್ಷವೇ ರಾಜ್ಯ ಒಂದು ಕಾನೂನು ತಂದು, ನೋವು ಸಂಕಟಗಳಿಗೆ ಕೊಡುವ ಪರಿಹಾರಕ್ಕೆ ಎರಡೂವರೆ ಲಕ್ಷ ಡಾಲರ್‌ಗಳ ಮಿತಿ ಹಾಕಿತು. ಆ ಮೊತ್ತವನ್ನು 2022ರವರೆಗೂ ಏರಿಸಲಿಲ್ಲ.

ಮಿತಿಯಿಂದ ವೈದ್ಯನ ಜೇಬು ಉಳಿಯಬಹುದು. ಮಲಗಿರುವ ರೋಗಿಯ ಉಸಿರು ಉಳಿಯುವುದಿಲ್ಲ. ಇದನ್ನು ಮನಗಂಡವರಲ್ಲಿ ಡಾ. ಎಲಿಸನ್ ಪಿಯರ್ಸ್ ಪ್ರಮುಖರು. 1985ರಲ್ಲಿ ಅವರ ಮುಂದಾಳತ್ವದಲ್ಲಿ ಅರಿವಳಿಕೆ ರೋಗಿಗಳ ಸುರಕ್ಷತೆಗಾಗಿಯೇ ಒಂದು ಪ್ರತಿಷ್ಠಾನ ಹುಟ್ಟಿತು. ಅದೇ ಸುಮಾರಿಗೆ ಅರಿವಳಿಕೆ ತಜ್ಞರ ಸಂಘ ವಿಮಾ ಕಂಪನಿಗಳ ಬಾಗಿಲು ತಟ್ಟಿ, ಮುಗಿದುಹೋದ ದಾವೆಗಳ ಕಡತಗಳನ್ನು ಕೇಳಿತು. ಯಾರ ತಪ್ಪು ಎಂದು ಹುಡುಕಲು ಅಲ್ಲ, ತಪ್ಪು ಹೇಗೆ ನಡೆಯುತ್ತದೆ ಎಂದು ತಿಳಿಯಲು.

ಕಡತಗಳು ಮಾತನಾಡಿದವು. 1990ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ 1,541 ದಾವೆಗಳಲ್ಲಿ ಮೂರನೆಯ ಒಂದು ಭಾಗಕ್ಕೂ ಹೆಚ್ಚು ಉಸಿರಾಟಕ್ಕೆ ಸಂಬಂಧಿಸಿದವು. ಉಸಿರಿನ ಕೊಳವೆ ಶ್ವಾಸನಾಳದ ಬದಲು ಅನ್ನನಾಳಕ್ಕೆ ಹೋದದ್ದು ಅವುಗಳಲ್ಲೊಂದು. ಅಷ್ಟರಲ್ಲೇ, 1986ರಲ್ಲಿ, ಸಂಘ ಕನಿಷ್ಠ ನಿಯಮಗಳನ್ನು ಜಾರಿಗೊಳಿಸಿತ್ತು. ಅರಿವಳಿಕೆ ಕೊಟ್ಟಿರುವಷ್ಟು ಹೊತ್ತೂ ತಜ್ಞ ಕೋಣೆಯಲ್ಲೇ ಇರಬೇಕು. ಉಸಿರು, ಆಮ್ಲಜನಕ, ರಕ್ತದ ಒತ್ತಡಗಳನ್ನು ಸದಾ ಗಮನಿಸುತ್ತಿರಬೇಕು. ಬೆರಳಿಗೆ ಸಿಕ್ಕಿಸಿ ರಕ್ತದ ಆಮ್ಲಜನಕ ತೋರಿಸುವ ಸಾಧನ ಶಸ್ತ್ರಚಿಕಿತ್ಸಾ ಕೋಣೆಗಳಲ್ಲಿ ಸಾಮಾನ್ಯವಾಯಿತು. 2020ರ ಕೋವಿಡ್ ಕಾಲದಲ್ಲಿ ನಿಮ್ಮ ಮನೆಗೂ ಬಂದಿರಬಹುದಾದ ಸಾಧನ ಅದೇ. ಉಸಿರಾಟದ ಅವಘಡಗಳು ಇಳಿದವು, ವಿಮೆಯ ಕಂತೂ ಇಳಿಯಿತು. ಒಂದು ವಿಭಾಗದ ಅವಮಾನ ಅದರ ಪಠ್ಯಪುಸ್ತಕವಾಯಿತು.

ಪೊಲೀಸ್ ಠಾಣೆಯ ಬಾಗಿಲಲ್ಲಿ

ಮತ್ತೆ ನಮ್ಮ ದೇಶಕ್ಕೆ ಬರೋಣ. ಇಲ್ಲಿ ವೈದ್ಯರು ಪರಿಹಾರಧನಕ್ಕಿಂತ ಹೆಚ್ಚು ಅಂಜುವುದು ಬಂಧನಕ್ಕೆ. ಆಸ್ಪತ್ರೆಯೊಂದರಲ್ಲಿ ಕ್ಯಾನ್ಸರ್ ರೋಗಿಗೆ ತಂದ ಆಮ್ಲಜನಕದ ಸಿಲಿಂಡರ್ ಖಾಲಿಯಾಗಿತ್ತು. ವೈದ್ಯರ ಮೇಲೆ ಕ್ರಿಮಿನಲ್ ಮೊಕದ್ದಮೆ ಹೂಡಲಾಯಿತು. 2005ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ಮೊಕದ್ದಮೆಯನ್ನು ರದ್ದುಪಡಿಸಿ, ವೈದ್ಯನನ್ನು ಅಪರಾಧಿ ಎನ್ನಲು ಸಾಮಾನ್ಯ ನಿರ್ಲಕ್ಷ್ಯ ಸಾಲದು, ಘೋರ ನಿರ್ಲಕ್ಷ್ಯ ಇರಬೇಕು ಎಂದಿತು. ಪೊಲೀಸರು ಮೊದಲು ಆಯಾ ವಿಭಾಗವನ್ನು ಬಲ್ಲ ನಿಷ್ಪಕ್ಷಪಾತ ವೈದ್ಯರ, ಸಾಧ್ಯವಾದರೆ ಸರ್ಕಾರಿ ವೈದ್ಯರ, ಅಭಿಪ್ರಾಯ ಪಡೆಯಬೇಕು. ದೂರು ಬಂದ ಮಾತ್ರಕ್ಕೆ ಬಂಧಿಸಬಾರದು. 1957ರ 'ಆಯಾ ವಿದ್ಯೆ' ಮತ್ತೆ ಬಂದಿತು ನೋಡಿ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 106ನೆಯ ಕಲಮಿನಲ್ಲಿ, ನಿರ್ಲಕ್ಷ್ಯದಿಂದ ಸಾವಿಗೆ ಕಾರಣನಾದವನಿಗೆ ಐದು ವರ್ಷದವರೆಗೆ ಸೆರೆವಾಸವಿದೆ. ನೋಂದಾಯಿತ ವೈದ್ಯನು ಚಿಕಿತ್ಸೆ ಮಾಡುವಾಗ ಹೀಗಾದರೆ ಎರಡು ವರ್ಷದವರೆಗೆ.

ಈ ರಕ್ಷಣೆ ರೋಗಿಯ ಬಾಯಿ ಕಟ್ಟುವುದಿಲ್ಲ. 1998ರಲ್ಲಿ ಕೊಲ್ಕತ್ತದಲ್ಲಿ ಚರ್ಮದ ತೀವ್ರ ಕಾಯಿಲೆಗೆ ಅತಿಯಾದ ಸ್ಟೀರಾಯ್ಡ್ ಪಡೆದ ಮಹಿಳೆಯೊಬ್ಬರ ಸಾವಿನ ಪ್ರಕರಣದಲ್ಲಿ ವೈದ್ಯರಿಗೆ ಕ್ರಿಮಿನಲ್ ಶಿಕ್ಷೆ ಆಗಲಿಲ್ಲ. ಆದರೆ 2013ರಲ್ಲಿ ಸುಮಾರು ಆರು ಕೋಟಿ ರೂಪಾಯಿಗಳ ಪರಿಹಾರ ವಿಧಿಸಲಾಯಿತು. ತಪ್ಪಿಗೆ ಹಣ ತೆರುವುದು ಬೇರೆ, ಅಪರಾಧಿಯಾಗುವುದು ಬೇರೆ.

ನಿಮಗೆ ಉಳಿಯುವ ಮಾತು

ನಿಮ್ಮಲ್ಲಿ ಕೆಲವರು ವೈದ್ಯರಾಗುತ್ತೀರಿ. ಯಾವ ವಿಭಾಗ ಆರಿಸಿಕೊಳ್ಳಲಿ ಎಂದು ಯೋಚಿಸುವಾಗ ಮೊಕದ್ದಮೆಯ ಭಯವೂ ಒಂದು ಮೂಲೆಯಲ್ಲಿ ಕುಳಿತಿರುತ್ತದೆ. ಎಲ್ಲರೂ ಅದಕ್ಕೆ ಶರಣಾದರೆ ಒಡೆದ ತಲೆಯನ್ನು ಹೊಲಿಯುವವರು ಯಾರು, ನಡುರಾತ್ರಿಯ ಕಷ್ಟದ ಹೆರಿಗೆಗೆ ಬರುವವರು ಯಾರು? ನಿಮ್ಮಲ್ಲಿ ಎಲ್ಲರೂ ಒಂದಲ್ಲ ಒಂದು ದಿನ ರೋಗಿಗಳಾಗುತ್ತೀರಿ, ಅಥವಾ ರೋಗಿಯ ಮಂಚದ ಪಕ್ಕದಲ್ಲಿ ಕೂರುತ್ತೀರಿ. ಆಗ ಇಷ್ಟು ನೆನಪಿಡಿ. ಏನು ಮಾಡುತ್ತಿದ್ದಾರೆ, ಏಕೆ ಎಂದು ಕೇಳುವುದು ನಿಮ್ಮ ಹಕ್ಕು. ಚಿಕಿತ್ಸೆಯ ದಾಖಲೆ ಕೇಳಿದರೆ 72 ಗಂಟೆಗಳೊಳಗೆ ಕೊಡಬೇಕೆಂದು ವೈದ್ಯಕೀಯ ಪರಿಷತ್ತಿನ 2002ರ ನಿಯಮ ಹೇಳಿದೆ. ತಪ್ಪಾಗಿದೆ ಎನಿಸಿದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬಹುದು. ಆಸ್ಪತ್ರೆಯ ಗಾಜು ಒಡೆಯುವುದರಿಂದ ಯಾವ ತಪ್ಪೂ ಪತ್ತೆಯಾಗುವುದಿಲ್ಲ.

ಮೊಕದ್ದಮೆ ಎಂಬುದು ನೋವಿನಲ್ಲಿ ಹುಟ್ಟಿದ ಪ್ರಶ್ನೆ. ಹೊಟ್ಟೆಯಲ್ಲಿ ಬಟ್ಟೆ ಉಳಿದದ್ದು ಹೇಗೆ, ಮಗುವಿನ ಕಣ್ಣನ್ನು ಯಾರೂ ನೋಡಲಿಲ್ಲವೇಕೆ ಎಂದು ಅದು ಕೇಳುತ್ತದೆ. ಆ ಪ್ರಶ್ನೆಗೆ ಬೆದರಿ ಇನ್ನೊಂದು ಸ್ಕ್ಯಾನ್ ಬರೆದರೆ ಹೊರೆ ರೋಗಿಯ ಮೇಲೆ ಬೀಳುತ್ತದೆ. ಅರಿವಳಿಕೆ ತಜ್ಞರಂತೆ ಕಡತ ಬಿಚ್ಚಿ ಓದಿದರೆ ಮುಂದಿನ ರೋಗಿ ಉಳಿಯುತ್ತಾನೆ.